ಹೃದಯದ ತೂತು ಮುಚ್ಚಿದ ಡಿವೈಸ್: ಆರು ತಿಂಗಳ ನಂತರ ಒಳಗೆ ಏನಾಗುತ್ತದೆ?

ಹೃದಯದಲ್ಲಿ ತೂತಿದ್ದ ಮಗುವಿಗೆ ಡಿವೈಸ್ ಹಾಕಿಸಿಕೊಂಡು ಬಂದ ಮನೆಯವರನ್ನು ಕೇಳಿ ನೋಡಿ, ಸುಮಾರಾಗಿ ಒಂದೇ ಮಾತು ಹೇಳುತ್ತಾರೆ. "ಆರು ತಿಂಗಳು ಮಾತ್ರೆ ಕೊಡಿ, ಅಷ್ಟರಲ್ಲಿ ಅದರ ಮೇಲೆ ಮಾಂಸ ಬೆಳೆದು ಮುಚ್ಚಿಕೊಳ್ಳುತ್ತೆ, ಆಮೇಲೆ ಏನೂ ಯೋಚನೆ ಇಲ್ಲ ಅಂದ್ರು." ಬಹುಪಾಲು ಮಕ್ಕಳಿಗೆ ಹಾಗೇ ಆಗುತ್ತದೆ, ಆ ಮಾತಿನಲ್ಲಿ ತಪ್ಪಿಲ್ಲ. ಆದರೆ "ಆಮೇಲೆ ಏನೂ ಇಲ್ಲ" ಅನ್ನುವ ಭಾಗ ಇದೆಯಲ್ಲ, ಅದನ್ನು ಸ್ವಲ್ಪ ಕೆದಕಿ ನೋಡಬೇಕು. ಲೋಹ ಮತ್ತು ಬಟ್ಟೆಯಿಂದ ಮಾಡಿದ ಒಂದು ವಸ್ತು ಬಡಿಯುವ ಹೃದಯದೊಳಗೆ ಜೀವನಪೂರ್ತಿ ಇರುತ್ತದೆ. ದೇಹ ಅದರ ಜೊತೆ ಹೊಂದಿಕೊಳ್ಳುತ್ತದೆ ನಿಜ, ಆದರೆ ಆ ಹೊಂದಾಣಿಕೆ ಆರನೇ ತಿಂಗಳಿಗೆ ನಿಲ್ಲುವುದಿಲ್ಲ.

ಇದನ್ನು ಓದಿ ಯಾರೂ ಹೆದರಬಾರದು. ಡಿವೈಸ್ ಹಾಕಿಸಿಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಎದೆ ಸೀಳದೆ ತೂತು ಮುಚ್ಚುವ ಈ ವಿಧಾನ ದೊಡ್ಡ ವರ. ನನ್ನ ತಕರಾರು ಇರುವುದು ಆಮೇಲಿನ ಮರೆವಿನ ಬಗ್ಗೆ.

ಮೊದಲು ತೂತಿನ ವಿಷಯ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದ್ದರೆ ಅದು ಎಎಸ್‌ಡಿ. ಕೆಳಗಿನ ಎರಡು ಕೋಣೆಗಳ ನಡುವೆ ಇದ್ದರೆ ವಿಎಸ್‌ಡಿ. ಇನ್ನೊಂದು ಪಿಎಫ್‌ಒ. ಹೊಟ್ಟೆಯಲ್ಲಿರುವಾಗ ಪ್ರತಿ ಮಗುವಿನ ಹೃದಯದಲ್ಲೂ ಇರುವ ಒಂದು ಸಣ್ಣ ಬಾಗಿಲು ಹುಟ್ಟಿದ ಮೇಲೆ ಪೂರ್ತಿ ಅಂಟಿಕೊಳ್ಳದೆ ಉಳಿಯುವುದು, ಇದು ಸುಮಾರು ನಾಲ್ಕರಲ್ಲಿ ಒಬ್ಬ ವಯಸ್ಕರಿಗೆ ಇರುತ್ತದೆ, ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಎಎಸ್‌ಡಿಯಲ್ಲಿ ಎಡಗಡೆಯ ರಕ್ತ ಬಲಗಡೆಗೆ ಸೋರುತ್ತಾ ಬಲಭಾಗ ನಿಧಾನಕ್ಕೆ ಹಿಗ್ಗುತ್ತದೆ, ಶ್ವಾಸಕೋಶಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ರಕ್ತ ಹೋಗುತ್ತದೆ. ಎಷ್ಟೋ ಜನಕ್ಕೆ ಮೂವತ್ತು ನಲವತ್ತು ವರ್ಷದವರೆಗೆ ಗೊತ್ತೇ ಆಗುವುದಿಲ್ಲ. ಸುಸ್ತು, ದಮ್ಮು ಅಂತ ಹೋದಾಗ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿಸಿದರೆ ತೂತು ಕಾಣಿಸುತ್ತದೆ.

ಮುಂಚೆ ಇದಕ್ಕೆ ಎದೆ ತೆರೆದು ಆಪರೇಷನ್ ಮಾಡುವುದೊಂದೇ ದಾರಿಯಾಗಿತ್ತು. ತೊಡೆಯ ರಕ್ತನಾಳದ ಮೂಲಕ ಮುಚ್ಚುವ ಮೊದಲ ಯಶಸ್ವಿ ಪ್ರಯತ್ನ ಅಮೆರಿಕದಲ್ಲಿ ಕಿಂಗ್ ಮತ್ತು ಮಿಲ್ಸ್ ಎಂಬ ವೈದ್ಯರದು, 1970ರ ದಶಕದ ನಡುವಿನಲ್ಲಿ. ಆಮೇಲೆ ಬಂದ ಕೆಲವು ಮಾದರಿಗಳಲ್ಲಿ ಲೋಹದ ಕಡ್ಡಿಗಳು ಒಳಗೇ ಮುರಿಯುತ್ತಿದ್ದವು. ಎಲ್ಲವನ್ನೂ ಬದಲಿಸಿದ್ದು ಮಿನೆಸೋಟಾದಲ್ಲಿದ್ದ ರೇಡಿಯಾಲಜಿಸ್ಟ್ ಕರ್ಟ್ ಆಂಪ್ಲಾಟ್ಜ್ ರೂಪಿಸಿದ, ಅವರದೇ ಹೆಸರಿನ ಆಂಪ್ಲಾಟ್ಜರ್ ಎಂಬ ಡಿವೈಸ್. 1995ರಲ್ಲಿ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಮನುಷ್ಯರಿಗೆ ಮೊದಲು ಹಾಕಿದರು. 2001ರ ಕೊನೆಗೆ ಔಷಧಿ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಇವತ್ತು ಬಳಕೆಯಲ್ಲಿರುವ ಬಹಳಷ್ಟು ಡಿವೈಸ್‌ಗಳು ಅದೇ ಮಾದರಿಯವು: ತೆಳ್ಳನೆಯ ತಂತಿಯನ್ನು ಹೆಣೆದು ಮಾಡಿದ ಎರಡು ಬಿಲ್ಲೆ, ನಡುವೆ ಒಂದು ಸೊಂಟ, ಒಳಗೆ ಹೊಲಿದ ಪಾಲಿಯೆಸ್ಟರ್ ಬಟ್ಟೆ. ತಂತಿ ನಿಟಿನಾಲ್ ಎಂಬ ಮಿಶ್ರಲೋಹದ್ದು. ತೂಕದಲ್ಲಿ ನೂರಕ್ಕೆ ಸುಮಾರು 55 ಭಾಗ ನಿಕ್ಕಲ್, ಉಳಿದದ್ದು ಟೈಟಾನಿಯಂ. ಎಳೆದು ಸಣ್ಣ ಕೊಳವೆಯೊಳಗೆ ತೂರಿಸಿದರೂ ಹೊರಗೆ ಬಂದ ಕೂಡಲೇ ಮೊದಲಿನ ಆಕಾರಕ್ಕೆ ಮರಳುವುದು ಈ ಲೋಹದ ಗುಣ. ಗೋಡೆಯ ಆಚೆ ಒಂದು ಬಿಲ್ಲೆ, ಈಚೆ ಒಂದು ಬಿಲ್ಲೆ ಕೂತು ತೂತನ್ನು ಹಿಡಿದುಕೊಳ್ಳುತ್ತವೆ.

ಈಗ ದೇಹ ಏನು ಮಾಡುತ್ತದೆ ನೋಡೋಣ. ರಕ್ತ ತಾಗಿದ ಕ್ಷಣದಿಂದಲೇ ತಂತಿಯ ಮೇಲೆ ಪ್ರೋಟೀನುಗಳು ಅಂಟುತ್ತವೆ. ಅದರ ಹಿಂದೆಯೇ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣಗಳು ಬಂದು ಕೂರುತ್ತವೆ, ಫೈಬ್ರಿನ್ ಎಂಬ ನಾರಿನ ಬಲೆ ಕಟ್ಟುತ್ತದೆ. ತೂತು ಮುಚ್ಚುವುದಕ್ಕೆ ಇದೇ ಬೇಕು, ಯಾಕೆಂದರೆ ಹೆಣೆದ ತಂತಿ ತಾನಾಗಿ ರಕ್ತವನ್ನು ತಡೆಯುವುದಿಲ್ಲ, ಬಟ್ಟೆಯ ಮೇಲೆ ರಕ್ತ ಹೆಪ್ಪುಗಟ್ಟಿದಾಗಲೇ ಅದು ಗೋಡೆಯಾಗುವುದು. ಆದರೆ ಹೆಪ್ಪು ಜಾಸ್ತಿಯಾಗಿ ತುಂಡು ಕಿತ್ತು ಮೆದುಳಿಗೆ ಹೋಗಬಾರದು ಅಂತ ಆಸ್ಪಿರಿನ್ ಕೊಡುತ್ತಾರೆ. ಆ ಆರು ತಿಂಗಳ ಮಾತ್ರೆಯ ಕಾರಣ ಇದು.

ಆಮೇಲೆ ಬಿಳಿ ರಕ್ತಕಣಗಳ ಸರದಿ. ಅವುಗಳಲ್ಲಿ ಮ್ಯಾಕ್ರೊಫೇಜ್ ಎಂಬ ಬಗೆಯ ಕಣಗಳು ಹೊರಗಿನಿಂದ ಬಂದದ್ದನ್ನು ನುಂಗಿ ಕರಗಿಸುವ ಕೆಲಸದವು. ಲೋಹವನ್ನೂ ಪಾಲಿಯೆಸ್ಟರನ್ನೂ ನುಂಗಲಾಗುವುದಿಲ್ಲ. ಆಗ ಅವು ಒಂದಕ್ಕೊಂದು ಸೇರಿಕೊಂಡು ದೊಡ್ಡ ದೊಡ್ಡ ಕಣಗಳಾಗಿ ಆ ನೂಲಿಗೆ ಅಂಟಿಕೊಂಡೇ ಕೂರುತ್ತವೆ. ಕಾಲಿಗೆ ಚುಚ್ಚಿ ಮುರಿದುಹೋದ ಮುಳ್ಳಿನ ಸುತ್ತ ಗಂಟು ಕಟ್ಟುತ್ತದಲ್ಲ, ಅದೇ ಸ್ವಭಾವ ಇಲ್ಲಿಯೂ. ನಿಧಾನಕ್ಕೆ ನಾರಿನಂಥ ಗಾಯದ ಮಾಂಸ ತುಂಬಿಕೊಳ್ಳುತ್ತದೆ, ಅದರ ಮೇಲೆ ಅಕ್ಕಪಕ್ಕದ ಗೋಡೆಯಿಂದ ಎಂಡೊಥೀಲಿಯಂ ಎಂಬ ನುಣುಪಾದ ಒಳಪದರ ಹರಡುತ್ತಾ ಬರುತ್ತದೆ. ಈ ಪದರ ಬಂದ ಕಡೆ ರಕ್ತ ಹೆಪ್ಪುಗಟ್ಟುವುದಿಲ್ಲ, ರೋಗಾಣುಗಳಿಗೂ ಸುಲಭವಾಗಿ ಹಿಡಿತ ಸಿಗುವುದಿಲ್ಲ. ಮನೆಯವರು "ಮಾಂಸ ಬೆಳೆಯೋದು" ಅನ್ನುವುದು ಇಷ್ಟೆಲ್ಲ ಸೇರಿದ್ದು.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಪದರ ಸುಮಾರು ಮೂರು ತಿಂಗಳಲ್ಲಿ ಡಿವೈಸನ್ನು ಮುಚ್ಚಿದ್ದು ಕಂಡಿದೆ. ಮನುಷ್ಯರಿಗೆ ಆರು ತಿಂಗಳು ಅನ್ನುವ ಲೆಕ್ಕದ ಹಿಂದೆ ಈ ಪ್ರಯೋಗಗಳೂ ಇವೆ, ವೈದ್ಯರ ಅನುಭವವೂ ಇದೆ. ಒಂದು ವಿಷಯ ಇಲ್ಲಿ ಗಮನಿಸಬೇಕು. ಬದುಕಿರುವ ರೋಗಿಯ ಎದೆಯೊಳಗೆ ಆ ಪದರ ಪೂರ್ತಿ ಬಂದಿದೆಯಾ ಅಂತ ಎಕೋದಲ್ಲಿ ಕಾಣುವುದಿಲ್ಲ. ಎಕೋದಲ್ಲಿ ಕಾಣುವುದು ಡಿವೈಸ್ ಸರಿಯಾಗಿ ಕೂತಿದೆಯಾ, ಸೋರಿಕೆ ಇದೆಯಾ, ಹೆಪ್ಪು ಇದೆಯಾ, ಅಕ್ಕಪಕ್ಕದ ಕವಾಟಕ್ಕೆ ತಾಗುತ್ತಿದೆಯಾ ಅನ್ನುವುದು. ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಒಳಪದರವನ್ನು ಅದು ತೋರಿಸುವುದಿಲ್ಲ. ಅಂದರೆ "ಆರು ತಿಂಗಳಿಗೆ ಮುಚ್ಚಿರುತ್ತೆ" ಅನ್ನುವುದು ಬಹಳ ಜನರ ಮೇಲೆ ಹಾಕಿದ ಸರಾಸರಿ ಲೆಕ್ಕ. ನಿಮ್ಮ ಮಗುವಿನ ಡಿವೈಸನ್ನು ಪರೀಕ್ಷೆ ಮಾಡಿ ಕೊಟ್ಟ ಉತ್ತರ ಅಲ್ಲ ಅದು.

ಹಾಗಾದರೆ ಒಳಗಿನ ಸ್ಥಿತಿ ಗೊತ್ತಾಗುವುದು ಹೇಗೆ? ಬೇರೆ ಬೇರೆ ಕಾರಣಕ್ಕೆ ಆಪರೇಷನ್ ಮಾಡಿ ಹೊರತೆಗೆದ ಡಿವೈಸ್‌ಗಳಿಂದ. ಜರ್ಮನಿಯ ಗ್ಯೋಟಿಂಗೆನ್‌ನ ತಂಡವೊಂದು ಇಂಥ ಡಿವೈಸ್‌ಗಳನ್ನು ಕೂಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ 2007ರಲ್ಲಿ ಬರೆಯಿತು. ಒಟ್ಟಾರೆ ಸುದ್ದಿ ಒಳ್ಳೆಯದೇ. ಗಾಯದ ಮಾಂಸ ಚೆನ್ನಾಗಿ ತುಂಬಿತ್ತು, ಒಳಪದರವೂ ಬಂದಿತ್ತು. ಜೊತೆಗೆ ಇನ್ನೊಂದು ಸಂಗತಿ ಕಂಡಿತು: ಪಾಲಿಯೆಸ್ಟರ್ ನೂಲುಗಳ ಸುತ್ತ ಸಣ್ಣ ಮಟ್ಟದ ಉರಿಯೂತ ಉಳಿದುಕೊಂಡಿತ್ತು, ಆ ದೊಡ್ಡ ಕಣಗಳೂ ಹಾಗೇ ಇದ್ದವು. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಆದರೆ ದೇಹ ಆ ಬಟ್ಟೆಯನ್ನು ತನ್ನದು ಅಂತ ಒಪ್ಪಿಕೊಂಡು ಸುಮ್ಮನಾಗಿಲ್ಲ ಅನ್ನುವುದಂತೂ ಇದರಿಂದ ಗೊತ್ತಾಗುತ್ತದೆ.

ಕೆಲವು ಅಪರೂಪದ ಪ್ರಕರಣಗಳಲ್ಲಿ ಒಳಪದರವೇ ಪೂರ್ತಿ ಬಂದಿರುವುದಿಲ್ಲ. ಡಿವೈಸ್ ಹಾಕಿ ಒಂದೂವರೆ ವರ್ಷವಾದ ಮೇಲೆ, ಇನ್ನೂ ತಡವಾಗಿ ಕೂಡ, ಅದರ ಮೇಲೆ ಸೋಂಕು ಕೂತು ಆಪರೇಷನ್ ಮಾಡಿ ತೆಗೆದಾಗ ಬರಿಯ ತಂತಿ ಹೊರಗೇ ಕಾಣುತ್ತಿದ್ದ ಉದಾಹರಣೆಗಳನ್ನು ವೈದ್ಯರು ಬರೆದಿಟ್ಟಿದ್ದಾರೆ. ಹೃದಯದ ಒಳಗೆ ಕೂರುವ ಇಂಥ ಸೋಂಕನ್ನು ಎಂಡೊಕಾರ್ಡೈಟಿಸ್ ಅನ್ನುತ್ತಾರೆ. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2007ರಲ್ಲಿ ಮಾಡಿದ ನಿಯಮದ ಪ್ರಕಾರ, ಡಿವೈಸ್ ಹಾಕಿದ ಮೊದಲ ಆರು ತಿಂಗಳು ಹಲ್ಲು ಕೀಳಿಸುವುದು ಮುಂತಾದ ರಕ್ತ ಬರುವ ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಡಿವೈಸ್ ಪಕ್ಕದಲ್ಲಿ ಸೋರಿಕೆ ಉಳಿದಿದ್ದರೆ ಆರು ತಿಂಗಳ ಮೇಲೂ ಮುಂದುವರಿಸಬೇಕು. ಈ ಎರಡನೇ ಮಾತು ಮನೆಯವರ ಕಿವಿಗೆ ಬೀಳುವುದು ಕಡಿಮೆ. ಸೋರಿಕೆ ಇರುವ ಕಡೆ ರಕ್ತ ರಭಸದಿಂದ ನುಗ್ಗುತ್ತಿರುತ್ತದೆ, ಅಲ್ಲಿ ಪದರ ನಿಲ್ಲುವುದು ಕಷ್ಟ. ಹೀಗಾಗಿ ಕೊನೆಯ ಎಕೋ ವರದಿಯಲ್ಲಿ "ಸಣ್ಣ ಸೋರಿಕೆ ಇದೆ" ಅಂತ ಬರೆದಿದ್ದರೆ ಅದು ಸುಮ್ನೆ ಬಿಡುವ ಸಾಲಲ್ಲ. ಮತ್ತೆ, ಹಲ್ಲು ಒಸಡು ಚೆನ್ನಾಗಿಟ್ಟುಕೊಳ್ಳುವುದು ಇವರಿಗೆ ಎಲ್ಲರಿಗಿಂತ ಜಾಸ್ತಿ ಮುಖ್ಯ. ದಿನಗಟ್ಟಲೆ ಬಿಡದ ಜ್ವರ ಬಂದರೆ ಸುಮ್ಮನೆ ಆಂಟಿಬಯೋಟಿಕ್ ನುಂಗುವ ಮುಂಚೆ "ನನಗೆ ಹೃದಯದಲ್ಲಿ ಡಿವೈಸ್ ಇದೆ" ಅಂತ ಡಾಕ್ಟರಿಗೆ ಹೇಳಬೇಕು. ರಕ್ತದ ಕಲ್ಚರ್ ಪರೀಕ್ಷೆಗೆ ಮುಂಚೆಯೇ ಆಂಟಿಬಯೋಟಿಕ್ ಹೋಗಿಬಿಟ್ಟರೆ ಯಾವ ರೋಗಾಣು ಅಂತ ಹಿಡಿಯುವುದೇ ಕಷ್ಟ.

ಇನ್ನು ನಿಕ್ಕಲ್. ಈ ವಿಷಯದಲ್ಲಿ ಎರಡು ಅತಿಗಳಿವೆ. ಒಂದು ಕಡೆ, ಎಲ್ಲ ಕಾಯಿಲೆಗೂ ನಿಕ್ಕಲ್ಲೇ ಕಾರಣ ಅನ್ನುವವರು. ಇನ್ನೊಂದು ಕಡೆ, ನಿಕ್ಕಲ್ ಅಲರ್ಜಿ ಚರ್ಮದ ಮಾತು, ಹೃದಯಕ್ಕೂ ಅದಕ್ಕೂ ಏನು ಸಂಬಂಧ ಅಂತ ತಳ್ಳಿಹಾಕುವವರು. ಎರಡೂ ಸರಿಯಲ್ಲ.

ನಿಟಿನಾಲ್ ತಂತಿಯ ಮೇಲೆ ಟೈಟಾನಿಯಂ ಆಕ್ಸೈಡಿನ ತೆಳು ಪದರ ಇರುತ್ತದೆ. ಒಳಗಿನ ನಿಕ್ಕಲ್ ಹೊರಬರದಂತೆ ಕಾಯುವುದು ಅದೇ. ಆ ಪದರ ಎಷ್ಟು ಚೆನ್ನಾಗಿದೆ ಅನ್ನುವುದು ತಂತಿಯನ್ನು ಕಾಯಿಸಿದ ರೀತಿ, ಮೇಲ್ಮೈಯನ್ನು ನಯ ಮಾಡಿದ ರೀತಿಯ ಮೇಲೆ ನಿಂತಿದೆ. ಒಂದೇ ನಿಟಿನಾಲ್, ಒಬ್ಬ ತಯಾರಕ ಮಾಡಿದರೆ ಕಡಿಮೆ ನಿಕ್ಕಲ್ ಬಿಡುತ್ತದೆ, ಇನ್ನೊಬ್ಬ ಮಾಡಿದರೆ ಜಾಸ್ತಿ. 2003ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಆಂಪ್ಲಾಟ್ಜರ್ ಹಾಕಿದ 67 ಜನರ ರಕ್ತದಲ್ಲಿ ನಿಕ್ಕಲ್ ಅಳೆದರು. ಒಂದು ತಿಂಗಳ ಹೊತ್ತಿಗೆ ಅದು ಮೊದಲಿನ ಎರಡೂವರೆ ಪಟ್ಟಿಗೂ ಸ್ವಲ್ಪ ಮೇಲೆ ಹೋಗಿ, ಆಮೇಲೆ ಇಳಿಯುತ್ತಾ ವರ್ಷದೊಳಗೆ ಹಳೆಯ ಮಟ್ಟಕ್ಕೆ ಬಂತು. ಏರಿದ ಪ್ರಮಾಣವೂ ವಿಷವಾಗುವಷ್ಟಲ್ಲ, ದಿನಾ ತಿನ್ನುವ ಬೇಳೆಕಾಳು, ಗೋಡಂಬಿ, ಕೋಕೋದಲ್ಲೂ ನಿಕ್ಕಲ್ ಇದ್ದೇ ಇರುತ್ತದೆ. ಮಾಂಸ ಬೆಳೆದು ತಂತಿಯನ್ನು ಮುಚ್ಚಿದಂತೆ ರಕ್ತಕ್ಕೆ ಬರುವುದು ಕಡಿಮೆಯಾಗುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಆದರೆ ರಕ್ತದ ಲೆಕ್ಕ ಬೇರೆ, ಡಿವೈಸ್ ಅಂಟಿಕೊಂಡಿರುವ ಮಾಂಸದೊಳಗಿನ ಲೆಕ್ಕ ಬೇರೆ. ಅಲರ್ಜಿಗೆ ವಿಷದಷ್ಟು ಪ್ರಮಾಣವೂ ಬೇಕಾಗಿಲ್ಲ.

ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆದು ನೀರಾಡುವುದು, ಜೀನ್ಸ್ ಗುಂಡಿ ತಾಗುವ ಜಾಗದಲ್ಲಿ ಹೊಟ್ಟೆ ಕೆಂಪಾಗುವುದು, ವಾಚಿನ ಪಟ್ಟಿಯ ಕೆಳಗೆ ತುರಿಕೆ, ಇವೆಲ್ಲ ನಿಕ್ಕಲ್ ಅಲರ್ಜಿಯ ಸಾಮಾನ್ಯ ಗುರುತುಗಳು. ಹೆಂಗಸರಲ್ಲಿ ಇದು ಜಾಸ್ತಿ, ಕಿವಿ ಚುಚ್ಚಿಸುವುದೂ ಒಂದು ಕಾರಣ. ಹೀಗಿರುವ ಹೆಚ್ಚಿನವರಿಗೆ ಡಿವೈಸ್ ಹಾಕಿದರೂ ಏನೂ ಆಗುವುದಿಲ್ಲ. ಆದರೆ ಕೆಲವರಿಗೆ ಎದೆನೋವು, ಎದೆ ಹೊಡೆದುಕೊಳ್ಳುವುದು, ತಲೆನೋವು, ಮೈಮೇಲೆ ದದ್ದು, ಒಮ್ಮೊಮ್ಮೆ ಹೃದಯದ ಹೊರಚೀಲದಲ್ಲಿ ನೀರು ತುಂಬುವುದು ಕಂಡಿದೆ. 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ನನಗೆ ಮುಖ್ಯ ಅನಿಸುತ್ತದೆ. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಹಾಕಿದ 13,736 ಪಿಎಫ್‌ಒ ಡಿವೈಸ್‌ಗಳಲ್ಲಿ 38ನ್ನು ಆಪರೇಷನ್ ಮಾಡಿ ತೆಗೆಯಬೇಕಾಯಿತು. ಸಾವಿರಕ್ಕೆ ಮೂರೂ ಆಗಲಿಲ್ಲ, ಬಹಳ ಕಡಿಮೆ. ಆದರೆ ತೆಗೆದ ಕಾರಣಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಬಿಡದ ಎದೆನೋವು, 14 ಜನರಿಗೆ. ಅವರಲ್ಲಿ ನಿಕ್ಕಲ್ ಅಲರ್ಜಿಯ ಶಂಕೆ ಬಲವಾಗಿತ್ತು.

ಇಲ್ಲಿ ಒಂದು ತೊಡಕಿದೆ. ಚರ್ಮದ ಮೇಲೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್‌ನಲ್ಲಿ ಪಾಸಿಟಿವ್ ಬಂದವರಿಗೆಲ್ಲ ಹೃದಯದಲ್ಲಿ ತೊಂದರೆಯಾಗುವುದಿಲ್ಲ. ಅದಕ್ಕೇ ಎಲ್ಲರಿಗೂ ಟೆಸ್ಟ್ ಮಾಡಿಸಬೇಕಾ ಅಂತ ವೈದ್ಯರಲ್ಲೇ ಒಮ್ಮತ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರಿಗೂ ಟೆಸ್ಟ್ ಬೇಡ, ಎಲ್ಲರಿಗೂ ಪ್ರಶ್ನೆ ಬೇಕು. "ಓಲೆ ಹಾಕಿದರೆ ಕಿವಿ ಕೆರೆಯುತ್ತಾ?" ಈ ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಹೌದು ಅಂದವರಿಗೆ ಚರ್ಮದ ಡಾಕ್ಟರ ಹತ್ತಿರ ಟೆಸ್ಟ್ ಮಾಡಿಸಿ, ಆಮೇಲೆ ಕೂತು ಮಾತಾಡಬಹುದು. ಡಿವೈಸ್‌ಗಳ ಜೊತೆ ಬರುವ ಸೂಚನೆಯಲ್ಲೇ ನಿಕ್ಕಲ್ ಅಲರ್ಜಿಯ ಎಚ್ಚರಿಕೆ ಇರುತ್ತದೆ, ಆ ಸೂಚನೆ ಓದಬೇಕಾದ್ದು ಡಾಕ್ಟರು, ಕೆರೆತ ಗೊತ್ತಿರುವುದು ರೋಗಿಗೆ. ಇಬ್ಬರ ನಡುವೆ ಆ ಮಾತು ಆಗಲೇಬೇಕು, ಅಲ್ವಾ? ಎದೆ ತೆರೆದು ಆಪರೇಷನ್ ಮಾಡಿಸಿದರೆ ನಿಕ್ಕಲ್ ಇರುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. ಎದೆಮೂಳೆ ಕಟ್ಟುವ ಸ್ಟೀಲ್ ತಂತಿಯಲ್ಲೂ ನಿಕ್ಕಲ್ ಇರುತ್ತದೆ. ಅಲರ್ಜಿ ಇರುವವರು ಅದನ್ನೂ ಮುಂಚೆಯೇ ಹೇಳಬೇಕು.

ತಲೆನೋವಿನ ಮಾತು ಬಂತಲ್ಲ, ಅದನ್ನು ಯಾರೂ ಕಡೆಗಣಿಸಬಾರದು. ಎಎಸ್‌ಡಿ ಮುಚ್ಚಿದ ಮೇಲೆ ಹಿಂದೆ ಇಲ್ಲದಿದ್ದ ಮೈಗ್ರೇನ್ ಕೆಲವರಿಗೆ ಶುರುವಾಗುತ್ತದೆ. ಕೆನಡಾದಲ್ಲಿ 171 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬರೀ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇಕಡಾ 21.8 ಜನಕ್ಕೆ ಮೂರು ತಿಂಗಳೊಳಗೆ ಹೊಸದಾಗಿ ಮೈಗ್ರೇನ್ ಬಂತು. ಜೊತೆಗೆ ಕ್ಲೊಪಿಡೊಗ್ರೆಲ್ ಕೊಟ್ಟವರಲ್ಲಿ ಅದು ಶೇಕಡಾ 9.5ಕ್ಕೆ ಇಳಿಯಿತು. ಪ್ಲೇಟ್‌ಲೆಟ್ ತಡೆಯುವ ಔಷಧಿಗೆ ತಲೆನೋವು ಕಡಿಮೆಯಾಗುತ್ತದೆ ಅಂದರೆ, ಡಿವೈಸ್ ಮೇಲೆ ನಡೆಯುವ ಚಟುವಟಿಕೆಗೂ ಅದಕ್ಕೂ ಸಂಬಂಧ ಇರಬೇಕು ಅನ್ನುವ ವಾದಕ್ಕೆ ಇದರಿಂದ ಬಲ ಬಂತು. ಡಿವೈಸ್ ಹಾಕಿಸಿದ ಮೇಲೆ ತಲೆ ಸಿಡಿಯುತ್ತದೆ ಅನ್ನುವ ಹೆಣ್ಣುಮಗಳಿಗೆ "ಟೆನ್ಷನ್ ಮಾಡ್ಕೋಬೇಡಮ್ಮ" ಅಂತ ಹೇಳಿ ಕಳಿಸುವುದು ಸರಿಯಲ್ಲ. ಅವಳು ಹೇಳುತ್ತಿರುವುದಕ್ಕೆ ಆಧಾರ ಇದೆ.

ಎಲ್ಲಕ್ಕಿಂತ ಗಂಭೀರವಾದದ್ದು ಸವೆತ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ವರ್ಷಕ್ಕೆ ಮೂರೂವರೆ ಕೋಟಿಗೂ ಜಾಸ್ತಿ. ಅಷ್ಟೂ ಸಲ ಡಿವೈಸಿನ ಅಂಚು ಪಕ್ಕದ ಗೋಡೆಗೆ ತಾಗುತ್ತಿದ್ದರೆ ಏನಾಗಬಹುದು? ಅಪರೂಪಕ್ಕೆ ಮೇಲಿನ ಕೋಣೆಯ ಗೋಡೆಯೋ ಮಹಾಪಧಮನಿಯ ಗೋಡೆಯೋ ಸವೆದು ರಂಧ್ರವಾಗಿ, ಹೃದಯದ ಹೊರಚೀಲಕ್ಕೆ ರಕ್ತ ನುಗ್ಗುತ್ತದೆ. ಇದು ಜೀವಕ್ಕೇ ಅಪಾಯ. 2004ರಲ್ಲಿ ಇಂಥ 28 ಪ್ರಕರಣಗಳನ್ನು ಕೂಡಿಸಿ ನೋಡಿದಾಗ 25 ಜನರಲ್ಲಿ ಮಹಾಪಧಮನಿಯ ಕಡೆಗಿನ ತೂತಿನ ಅಂಚು ಕಡಿಮೆ ಇತ್ತು ಅಥವಾ ಇರಲೇ ಇಲ್ಲ. ತೂತಿಗೆ ಬೇಕಾದದ್ದಕ್ಕಿಂತ ದೊಡ್ಡ ಡಿವೈಸ್ ಹಾಕುವುದೂ ಕಾರಣ ಅಂತ ಕಂಡಿತು. 2012ರಲ್ಲಿ ಎಫ್‌ಡಿಎ ತಜ್ಞರ ಸಭೆ ಕರೆದು, 2013ರ ಅಕ್ಟೋಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಅದರ ಅಂದಾಜಿನಲ್ಲಿ ಡಿವೈಸ್ ಹಾಕಿಸಿದ ಸಾವಿರ ಜನರಲ್ಲಿ ಒಬ್ಬರಿಂದ ಮೂವರಿಗೆ ಹೀಗಾಗುತ್ತದೆ.

ಹೆಚ್ಚಿನ ಸವೆತಗಳು ಮೊದಲ ಕೆಲವು ದಿನಗಳಿಂದ ವರ್ಷದೊಳಗೆ ಆಗುತ್ತವೆ. ಆದರೆ ಹಲವಾರು ವರ್ಷ ಕಳೆದ ಮೇಲೆ ಆದದ್ದೂ ದಾಖಲಾಗಿದೆ. ಹೀಗಾಗಿ ಡಿವೈಸ್ ಇರುವವರಿಗೆ ಇದ್ದಕ್ಕಿದ್ದಂತೆ ಎದೆನೋವು, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು ಆದರೆ ಗ್ಯಾಸ್ ಅಂತ ಮಾತ್ರೆ ನುಂಗಿ ಕೂರಬಾರದು. ಆಸ್ಪತ್ರೆಗೆ ಹೋಗಿ ಎಕೋ ಮಾಡಿಸಬೇಕು. ತುರ್ತು ವಿಭಾಗದಲ್ಲಿರುವ ಕಿರಿಯ ಡಾಕ್ಟರಿಗೆ ಎದುರಿಗಿರುವ ಇಪ್ಪತ್ತೆರಡು ವರ್ಷದ ಹುಡುಗನ ಎದೆಯೊಳಗೆ ಡಿವೈಸ್ ಇದೆ ಅಂತ ಗೊತ್ತಾಗುವುದು ಹೇಗೆ? ಎದೆಯ ಮೇಲೆ ಗಾಯದ ಗುರುತೂ ಇರುವುದಿಲ್ಲ. ಹೇಳಬೇಕಾದವರು ನಾವೇ.

ವಿಎಸ್‌ಡಿಯಲ್ಲಿ ಕಷ್ಟ ಬೇರೆ ಥರ. ಕೆಳಗಿನ ಗೋಡೆಯ ಮೇಲ್ಭಾಗದ ತೂತಿನ ಅಂಚಿನಲ್ಲೇ ಹೃದಯದ ವಿದ್ಯುತ್ ದಾರಿ ಹಾದುಹೋಗುತ್ತದೆ. ಡಿವೈಸ್ ಒತ್ತಿದರೆ, ಅಥವಾ ಅದರ ಸುತ್ತ ಊತ ಬಂದು ಗಾಯದ ಮಾಂಸ ಕಟ್ಟಿದರೆ, ಆ ದಾರಿ ಕಡಿದುಹೋಗಿ ನಾಡಿ ಬಡಿತ ತೀರಾ ನಿಧಾನವಾಗುತ್ತದೆ. ಆಗ ಪೇಸ್‌ಮೇಕರ್ ಬೇಕಾಗುತ್ತದೆ. ಆರಂಭದ ಮಾದರಿಗಳಲ್ಲಿ ಇದು ಕೆಲವು ಯುರೋಪಿನ ವರದಿಗಳಲ್ಲಿ ಶೇಕಡಾ 5ರ ಆಸುಪಾಸಿನಲ್ಲಿತ್ತು, ತಿಂಗಳುಗಳು ಕಳೆದ ಮೇಲೂ ಕಾಣಿಸಿಕೊಳ್ಳುತ್ತಿತ್ತು. ಬಹಳ ಕಡೆ ಆ ಮಾದರಿಯನ್ನೇ ಕೈಬಿಟ್ಟರು. ಈಗಿನವು ಮೆತ್ತಗಿವೆ, ಒತ್ತುವುದು ಕಡಿಮೆ. ಆದರೂ ವಿಎಸ್‌ಡಿ ಡಿವೈಸ್ ಇರುವ ಮಗುವಿಗೆ ಎಕೋ ಜೊತೆ ಇಸಿಜಿಯನ್ನೂ ಬಿಡದೆ ಮಾಡಿಸಬೇಕು.

ಇಷ್ಟೆಲ್ಲ ಗೊತ್ತಿದ್ದ ಮೇಲೆ ಡಿವೈಸ್ ಮಾಡುವವರು ಸುಮ್ಮನೆ ಕೂತಿಲ್ಲ. ಒಂದು ದಾರಿ, ತಂತಿಗೆ ಲೇಪ ಕೊಡುವುದು. ನಮ್ಮ ದೇಶದಲ್ಲಿ ತುಂಬಾ ಬಳಕೆಯಲ್ಲಿರುವ ಕೊಕೂನ್ ಎಂಬ ಡಿವೈಸ್ ಥಾಯ್ಲೆಂಡಿನದು, ಅದರ ನಿಟಿನಾಲ್ ತಂತಿಗೆ ಪ್ಲಾಟಿನಂ ಲೇಪ ಇರುತ್ತದೆ. ಚೀನಾದ ಒಂದು ಮಾದರಿಗೆ ಟೈಟಾನಿಯಂ ನೈಟ್ರೈಡ್ ಲೇಪ. ನಿಕ್ಕಲ್ ಹೊರಬರುವುದನ್ನು ತಡೆಯುವುದಕ್ಕೆ ಇವು. ಲೇಪದಿಂದ ಸವೆತದ ಅಪಾಯ ಹೋಗುವುದಿಲ್ಲ ಅನ್ನುವುದು ನೆನಪಿರಲಿ, ಅದು ಆಕಾರ ಮತ್ತು ಅಳತೆಯ ಪ್ರಶ್ನೆ. ನಮ್ಮವರೂ ಈ ಕೆಲಸದಲ್ಲಿದ್ದಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಜೊತೆ ಸೇರಿ ಒಂದು ನಿಟಿನಾಲ್ ಎಎಸ್‌ಡಿ ಡಿವೈಸ್ ರೂಪಿಸಿತು. ಆ ತಂತ್ರಜ್ಞಾನವನ್ನು 2021ರಲ್ಲಿ ಪುಣೆಯ ಕಂಪನಿಗೆ ಕೊಟ್ಟರು. ವಿಮಾನಕ್ಕೆ ಬೇಕಾದ ಲೋಹ ಬಲ್ಲವರು ಮಗುವಿನ ಹೃದಯಕ್ಕೆ ಬೇಕಾದ ತಂತಿಗೂ ಕೈಜೋಡಿಸಿದ್ದು ನನಗೆ ಬಹಳ ಹೆಮ್ಮೆಯ ವಿಷಯ.

ಇನ್ನೊಂದು ದಾರಿ, ಕೆಲಸ ಮುಗಿದ ಮೇಲೆ ಕರಗಿಹೋಗುವ ಡಿವೈಸ್. ಬಯೋಸ್ಟಾರ್ ಎಂಬುದರಲ್ಲಿ ಪಾಲಿಯೆಸ್ಟರ್ ಬದಲು ಹಂದಿಯ ಕರುಳಿನಿಂದ ತೆಗೆದ ಕೊಲಾಜನ್ ಹಾಳೆ ಇತ್ತು. ಎರಡು ವರ್ಷದಲ್ಲಿ ಅದರ ಬಹುಭಾಗ ಕರಗಿ ರೋಗಿಯ ಸ್ವಂತ ಮಾಂಸ ಆ ಜಾಗ ತುಂಬುತ್ತಿತ್ತು, ಆದರೆ ಲೋಹದ ಕಡ್ಡಿಗಳು ಉಳಿಯುತ್ತಿದ್ದವು. ಅದನ್ನು ಮಾಡುತ್ತಿದ್ದ ಅಮೆರಿಕದ ಕಂಪನಿ 2011ರಲ್ಲಿ ಮುಚ್ಚಿಹೋಯಿತು, ಡಿವೈಸೂ ಹೋಯಿತು. ಕಂಪನಿ ಮುಚ್ಚಿದರೂ ಆಗಲೇ ಹಾಕಿದ ಡಿವೈಸ್ ಜನರ ಹೃದಯದಲ್ಲೇ ಇರುತ್ತದೆ, ಇದನ್ನು ಮರೆಯಬಾರದು. 2022ರಲ್ಲಿ ಚೀನಾ ಪೂರ್ತಿ ಕರಗುವ ವಿಎಸ್‌ಡಿ ಡಿವೈಸ್‌ಗೆ ಒಪ್ಪಿಗೆ ಕೊಟ್ಟಿತು. ಮಕ್ಕಳಿಗೆ ಇದು ದೊಡ್ಡ ಆಸೆ ಹುಟ್ಟಿಸುವ ಸುದ್ದಿ. ಆದರೆ ಇದೂ ದೇಹದ ಪ್ರತಿಕ್ರಿಯೆಯಿಂದ ಹೊರತಲ್ಲ. ಕರಗುವ ಪ್ಲಾಸ್ಟಿಕ್ ಆಮ್ಲವಾಗಿ ಒಡೆಯುತ್ತದೆ, ಆ ಹೊತ್ತಿನಲ್ಲಿ ಉರಿಯೂತ ಏರಬಹುದು. ಮಾಂಸ ಗಟ್ಟಿಯಾಗುವ ಮುಂಚೆ ಕರಗಿದರೆ ತೂತು ಮತ್ತೆ ತೆರೆಯುತ್ತದೆ, ತುಂಬಾ ನಿಧಾನಕ್ಕೆ ಕರಗಿದರೆ ಉರಿಯೂತವೂ ಅಷ್ಟು ಕಾಲ ಉಳಿಯುತ್ತದೆ.

ಈಗ ನನ್ನನ್ನು ಎಲ್ಲಕ್ಕಿಂತ ಕಾಡುವ ಲೆಕ್ಕಕ್ಕೆ ಬರುತ್ತೇನೆ. ಈ ಮಾದರಿಯ ಡಿವೈಸ್ ಮನುಷ್ಯರ ಎದೆಯಲ್ಲಿರುವುದು 1995ರಿಂದ. ಅಂದರೆ ಅತ್ಯಂತ ಹಳೆಯ ಅನುಭವವೂ ಮೂವತ್ತು ವರ್ಷದ ಆಸುಪಾಸಿನದು. ಐದು ವರ್ಷದ ಮಗುವಿಗೆ ಇವತ್ತು ಡಿವೈಸ್ ಹಾಕಿದರೆ ಅದು ಇನ್ನೂ ಎಪ್ಪತ್ತು ವರ್ಷ ಅದರ ಜೊತೆ ಬದುಕಬೇಕು. ಮಗುವಿನ ಹೃದಯ ಬೆಳೆಯುತ್ತದೆ, ಡಿವೈಸ್ ಬೆಳೆಯುವುದಿಲ್ಲ. ಆ ಮಗು ಹುಡುಗಿಯಾಗಿದ್ದರೆ ನಾಳೆ ಬಸುರಿಯಾಗುತ್ತಾಳೆ, ರಕ್ತದ ಪ್ರಮಾಣ ಏರುತ್ತದೆ, ಆಗ ಹೆರಿಗೆ ಡಾಕ್ಟರಿಗೆ ಹಳೆಯ ವರದಿ ಬೇಕು. ಐವತ್ತು ಅರವತ್ತಕ್ಕೆ ಎಟ್ರಿಯಲ್ ಫಿಬ್ರಿಲೇಷನ್ ಅಂತ ಬಡಿತದ ಲಯ ತಪ್ಪಬಹುದು, ಎಎಸ್‌ಡಿ ಇದ್ದವರಿಗೆ ಆ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಅದಕ್ಕೆ ಮಾಡುವ ಅಬ್ಲೇಷನ್ ಚಿಕಿತ್ಸೆಗೆ ಇದೇ ಗೋಡೆಯನ್ನು ಚುಚ್ಚಿ ಎಡಗಡೆಗೆ ಹೋಗಬೇಕು. ಗೋಡೆಯ ತುಂಬಾ ಲೋಹದ ಬಿಲ್ಲೆ ಇದ್ದರೆ ಆ ಕೆಲಸ ಕಷ್ಟ, ಡಿವೈಸ್ ಅಳತೆ ಮತ್ತು ಜಾಗ ಗೊತ್ತಿದ್ದರೆ ಅನುಭವಿಗಳು ದಾರಿ ಹುಡುಕುತ್ತಾರೆ.

ಯುರೋಪಿನ ಹೃದ್ರೋಗ ತಜ್ಞರ ಸಂಘ 2020ರಲ್ಲಿ ಹೇಳಿದ್ದು ಹೀಗೆ: ಡಿವೈಸ್ ಹಾಕಿಸಿದ ದೊಡ್ಡವರು ಮೊದಲ ಎರಡು ವರ್ಷ ತಪ್ಪದೆ ತೋರಿಸಿಕೊಳ್ಳಬೇಕು, ಆಮೇಲೆ ಸ್ಥಿತಿ ನೋಡಿಕೊಂಡು ಮೂರರಿಂದ ಐದು ವರ್ಷಕ್ಕೊಮ್ಮೆ. ಇದು ದೊಡ್ಡ ಹೊರೆಯೇನಲ್ಲ. ನಮ್ಮಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆ ಅಂಗನವಾಡಿಗಳಲ್ಲೇ ಮಕ್ಕಳನ್ನು ತಪಾಸಣೆ ಮಾಡಿ, ಹೃದಯದ ತೂತು ಹಿಡಿದು, ಚಿಕಿತ್ಸೆಗೆ ಕಳಿಸುತ್ತಾರೆ. ಕೂಲಿ ಮಾಡುವವರ ಮಕ್ಕಳಿಗೂ ಪುಕ್ಕಟೆ ಡಿವೈಸ್ ಸಿಗುತ್ತದೆ. ಇದು ನಿಜವಾಗಿ ದೊಡ್ಡ ಕೆಲಸ. ಆದರೆ ಆ ಮಗು ಹದಿನೆಂಟು ದಾಟಿದ ಮೇಲೆ ಈ ಕಾರ್ಯಕ್ರಮದ ಲೆಕ್ಕದಿಂದ ಹೊರಗೆ ಬೀಳುತ್ತದೆ. ಮಕ್ಕಳ ಹೃದ್ರೋಗ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಕೈ ಹಿಡಿದು ದಾಟಿಸುವವರು ಬೇಕು. ಎಕೋಗಾಗಿ ಬೀದರ್, ರಾಯಚೂರಿನಿಂದ ಬೆಂಗಳೂರಿಗೇ ಬರಬೇಕಾಗಿಲ್ಲ, ಈ ವಿಷಯ ಬಲ್ಲ ಹೃದ್ರೋಗ ತಜ್ಞರು ಹತ್ತಿರದಲ್ಲಿದ್ದರೆ ಅಲ್ಲೇ ಮಾಡಿಸಿ ಹಳೆಯ ವರದಿಯ ಜೊತೆ ಹೋಲಿಸಬಹುದು. ಹೋಲಿಸುವುದಕ್ಕೆ ಹಳೆಯ ವರದಿ ಕೈಯಲ್ಲಿರಬೇಕು ಅಷ್ಟೇ.

ಅದಕ್ಕೇ ಕಾಗದದ ಮಾತು. ಡಿವೈಸ್ ಡಬ್ಬಿಯ ಮೇಲೆ ಅಂಟಿಸಿರುವ ಚೀಟಿಯಲ್ಲಿ ಕಂಪನಿಯ ಹೆಸರು, ಮಾದರಿ, ಅಳತೆ, ಲಾಟ್ ನಂಬರ್ ಎಲ್ಲ ಇರುತ್ತದೆ. ಆಸ್ಪತ್ರೆಯವರು ಅದನ್ನು ಫೈಲಿಗೆ ಅಂಟಿಸುತ್ತಾರೆ, ಜೊತೆಗೆ ಒಂದು ಕಾರ್ಡ್ ಕೂಡ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ. ಎರಡು ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ನಾಳೆ ಎಂಆರ್‌ಐ ಮಾಡಿಸುವಾಗ, ಹಲ್ಲು ಕೀಳಿಸುವಾಗ, ಹೆರಿಗೆಗೆ ಹೋದಾಗ, ಎದೆನೋವು ಅಂತ ತುರ್ತು ವಿಭಾಗಕ್ಕೆ ಓಡಿದಾಗ ಕೇಳುವುದು ಅದನ್ನೇ. ಮಗು ದೊಡ್ಡದಾದ ಮೇಲೆ ಅದನ್ನು ಅವನ ಅಥವಾ ಅವಳ ಕೈಗೇ ಕೊಟ್ಟು, ಎದೆಯೊಳಗೆ ಏನಿದೆ ಅಂತ ಕೂರಿಸಿ ಹೇಳಿ. ಮದುವೆಯ ಮಾತುಕತೆಗೆ ಅಡ್ಡ ಬರುತ್ತದೆ ಅಂತ ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಾಗದಗಳನ್ನು ಬಚ್ಚಿಡುವ ಮನೆಗಳಿವೆ, ಆ ಸಂಕಟ ಅರ್ಥವಾಗುತ್ತದೆ, ಆದರೆ ಅವಳಿಗೇ ಗೊತ್ತಿಲ್ಲದಂತೆ ಬಚ್ಚಿಡುವುದು ಅವಳ ಜೀವಕ್ಕೆ ಅಪಾಯ.

ತೊಂದರೆ ಆದರೆ ಅದನ್ನು ದಾಖಲು ಮಾಡುವ ವ್ಯವಸ್ಥೆಯೂ ನಮ್ಮಲ್ಲಿದೆ. 2015ರ ಜುಲೈನಲ್ಲಿ ಶುರುವಾದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಸವೆತ, ಸೋಂಕು, ಹೆಪ್ಪು, ಅಲರ್ಜಿ, ಡಿವೈಸ್ ಜಾರುವುದು, ಏನೇ ಆದರೂ ಅಲ್ಲಿಗೆ ವರದಿ ಮಾಡಬಹುದು. ಡಾಕ್ಟರೇ ಮಾಡಬೇಕು ಅಂತಿಲ್ಲ, ರೋಗಿಯೂ ಮಾಡಬಹುದು, ಮನೆಯವರೂ ಮಾಡಬಹುದು. ಪುಕ್ಕಟೆ ಸಹಾಯವಾಣಿ 1800-180-3024. ಫೋನ್ ಮಾಡುವ ಮುಂಚೆ ಆ ಚೀಟಿಯಲ್ಲಿರುವ ಮಾದರಿ ಮತ್ತು ಲಾಟ್ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ.